ಹಾಲಪ್ಪನವರ ಇಟ್ಟಿಗೆ

"ಮಂದಿ ಇಟ್ಟಂಗಿ ಎಲ್ಲಾ ಎದ್ದು ಮನಿಗೆ ಹೊಂಟಾವ. ನಮ್ಮ ಮನಿಯವರ ಇಟ್ಟಂಗಿ ಅಷ್ಟ ಯಾಕ ಬರಂಗಿಲ್ಲ ತಮ್ಮಾ?"

ಪ್ರೇಮವ್ವ ಅಮೆರಿಕದ ಕಡಲತೀರದ ಊರು ಕಾರ್ಲ್ಸ್‌ಬಾಡಿನ ಬೇಸ್‌ಬಾಲ್ ಸ್ಟೇಡಿಯಮ್ಮಿನ ಗೇಟಿನಲ್ಲಿ ನಿಂತು ಕೇಳಿದರು. ೨೦೧೬ರ ಸೀಸನ್ ಮುಗಿದಿತ್ತು. ಸೀಗಲ್ಸ್ ಎಂದು ಕಡಲಹಕ್ಕಿಯ ಹೆಸರಿಟ್ಟುಕೊಂಡ ತಂಡ, ಕಡಲೇ ಕಾಣದ ಪೊಮೊನಾಕ್ಕೆ ಗಂಟುಮೂಟೆ ಕಟ್ಟಿತ್ತು. ಲಾಸ್ ಏಂಜಲೀಸ್ ಹತ್ತಿರವಂತೆ, ಜನ ಜಾಸ್ತಿಯಂತೆ. ಇಲ್ಲಿಯ ಸ್ಟೇಡಿಯಂ ಮುಂದಿನ ವಾರ ನೆಲಸಮ. ಅಭಿಮಾನಿಗಳು ತೀರಿಹೋದವರ ಹೆಸರು ಕೆತ್ತಿಸಿ ಹಾಕಿಸಿದ್ದ ಇಟ್ಟಿಗೆಗಳನ್ನು ಕಿತ್ತು ವಾಪಸು ಕೊಡುತ್ತಿದ್ದರು. ಜನ ಅವನ್ನು ಕೂಸಿನಂತೆ ಎದೆಗವಚಿಕೊಂಡು ಕಾರಿನತ್ತ ನಡೆಯುತ್ತಿದ್ದರು.

"ಆಂಟಿ, ಅವೆಲ್ಲ ನೆಲದಲ್ಲಿ, ಮರಳಿನ ಮೇಲೆ ಜೋಡಿಸಿದ್ದು. ಎತ್ತಿದ್ರೆ ಬರುತ್ತೆ," ಎಂದ ವಿಕಾಸ್. ತಂಡದ ಆಫೀಸಿನಲ್ಲಿದ್ದ ಏಕೈಕ ಕನ್ನಡಿಗ. ಹಾಗಾಗಿ ಪ್ರೇಮವ್ವ ಅವನ ಪಾಲಿಗೆ ಬಂದಿದ್ದರು. "ನಿಮ್ದು ಗೋಡೇಲಿದೆ. ಸಿಮೆಂಟ್ ಹಾಕಿ ಕೂರಿಸಿದ್ದಾರೆ. ಕೀಳೋಕೆ ಹೋದ್ರೆ ಪುಡಿಯಾಗುತ್ತೆ. ಅವತ್ತು ನೀವೇ ಅಲ್ವಾ ಹಠ ಮಾಡಿ ಗೋಡೆಗೆ ಹಾಕಿಸಿದ್ದು?"

ಅದು ನಿಜ. ಮಗನ ಮನೆಗೆ ಬಂದ ಪ್ರೇಮವ್ವನವರ ಗಂಡ ಹಾಲಪ್ಪನವರು, ಯಾರೂ ಇಂಗ್ಲಿಷಿನಲ್ಲಿ ಏನೂ ಕೇಳದ ಜಾಗ ಈ ಊರಿನಲ್ಲಿ ಇದೊಂದೇ ಎಂದು ಕಂಡುಕೊಂಡಿದ್ದರು. ಆಟದ ನಿಯಮ ಕೊನೆಯವರೆಗೂ ತಿಳಿಯಲಿಲ್ಲ. ಅಂಪೈರಿಗೆ ಬೈಯಲು ಅದೇನೂ ಅಡ್ಡಿಯಾಗಲಿಲ್ಲ. ಅವರು "ಕಣ್ ಕಾಣ್ಸಂಗಿಲ್ಲೇನಲೇ!" ಎಂದರೆ ಹಿಂದಿನ ಸಾಲಿನ ಅಮೆರಿಕನ್ನರೂ ಎದ್ದು "ಲೇ!" ಎನ್ನುತ್ತಿದ್ದರು. ಅವರು ತೀರಿಕೊಂಡಾಗ ಮಗ ಇಂದುಧರ ಇಟ್ಟಿಗೆ ಹಾಕಿಸಿದ. ತಾಯಿಯನ್ನು ಕರೆತಂದು ತೋರಿಸುವ ಹೊತ್ತಿಗೆ ಯಾವನೋ ಒಬ್ಬ ಐಸ್‌ಕ್ರೀಂ ನೆಕ್ಕುತ್ತ, ಬೂಟುಗಾಲಿನಲ್ಲಿ ಹಾಲಪ್ಪನವರ ಹೆಸರಿನ ಮೇಲೆ ನಿಂತಿದ್ದ. ಅಂದು ಪ್ರೇಮವ್ವ ಮಾಡಿದ ರಂಪಕ್ಕೆ ಇಟ್ಟಿಗೆ ಮರುದಿನವೇ ಗೋಡೆಯೇರಿತು. ಇಡೀ ಸ್ಟೇಡಿಯಮ್ಮಿನಲ್ಲಿ ತಲೆಯೆತ್ತಿ ಓದಬೇಕಾದ ಹೆಸರು ಅದೊಂದೇ.

"ಯವ್ವಾ, ನಡಿ ಹೋಗೂಣು. ಮಂದಿ ನೋಡಾಕತ್ತಾರ," ಎಂದ ಇಂದುಧರ.

"ನೋಡ್ಲಿ! ತುಳಿಸ್ಕೊಂಡವ್ರು ಮನಿಗೆ, ಮರ್ಯಾದಿ ಕೇಳಿದವ್ರು ಬುಲ್ಡೋಜರ್ ಬಾಯಿಗೆ. ಯಾವೂರ ನ್ಯಾಯೋ ಇದು?"

ವಿಕಾಸ್ ಗಂಟಲು ಸರಿಮಾಡಿಕೊಂಡ. "ಆಂಟಿ, ನಮ್ಮ ಓನರ್ ಹೇಳಿದ್ದಾರೆ. ಪೊಮೊನಾದಲ್ಲಿ ಅಂಕಲ್ ಹೆಸರಿನ ಹೊಸ ಇಟ್ಟಿಗೆ ಫ್ರೀಯಾಗಿ ಹಾಕಿಸ್ತಾರಂತೆ. ಆದ್ರೆ ನೆಲದಲ್ಲೇ. ಅಲ್ಲಿ ಗೋಡೆಯೆಲ್ಲಾ ಗಾಜು."

ಪ್ರೇಮವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಇಂದುಧರ ಕಣ್ಣು ಮುಚ್ಚಿಕೊಂಡ.

"ನಮ್ಮ ಮನಿಯವರದು ಬ್ಯಾಡ. ನಿಮ್ಮ ಓನರ್ ಹೆಸರು ಕೆತ್ತಿಸಿ ಹಾಕು, ದೊಡ್ಡ ದೊಡ್ಡ ಅಕ್ಷರದಾಗ. ಮ್ಯಾಚಿಗೊಮ್ಮೆ ಚಪ್ಪಲಿ ಮೆಟ್ಕೊಂಡು ಬರ್ತೀನಿ."