ಗಿಳಿಯ ಮೇಲಿನ ಹಲ್ಲುಗುರುತು

“ಮಗುವಿನ ಸುಖನಿದ್ರೆಗೆ ಕಲಘಟಗಿ ತೊಟ್ಟಿಲು ಅತ್ಯುತ್ತಮ ಆಯ್ಕೆ,” ಎಂದು ರೋಹಿಣಿ ಫೋನಿಗೆ ಹೇಳಿ, ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿದಳು. ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದ್ದ ಫೋನು ಅವಳು ಹೇಳಿದ್ದನ್ನೆಲ್ಲ ತಾನೇ ಅಕ್ಷರ ಮಾಡಿಕೊಳ್ಳುತ್ತಿತ್ತು. ಕೈತುಂಬ ಹಿಟ್ಟು ಮೆತ್ತಿಕೊಂಡು ಬರೆಯಬೇಕಾದವರಿಗೆ ಬೇರೆ ದಾರಿ ಇರಲಿಲ್ಲ.

ಮೈದುನ ಕಾಶಿನಾಥ ಈಚೆಗೆ ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರಲು ಶುರುಮಾಡಿದ್ದ. ಜನ ‘ಕಲಘಟಗಿ ತೊಟ್ಟಿಲು’ ಎಂದು ಹುಡುಕಿದಾಗ ತನ್ನ ಅಂಗಡಿಯೇ ಮೊದಲು ಕಾಣಬೇಕಾದರೆ, ಆ ಮಾತು ಮತ್ತೆ ಮತ್ತೆ ಬರುವಂಥ ಚಿಕ್ಕ ಚಿಕ್ಕ ಲೇಖನಗಳು ಬೇಕೆಂದು ಯಾವುದೋ ವಿಡಿಯೋ ನೋಡಿ ಕಲಿತಿದ್ದ. ಹಾಗೆ ಮತ್ತೆ ಮತ್ತೆ ಬರಬೇಕಾದ ಮಾತಿಗೆ ಕೀವರ್ಡ್ ಎಂದು ಹೆಸರು. ಬರೆಯುವ ಕೆಲಸ ವೈನಿಯ, ಅಂದರೆ ಅತ್ತಿಗೆ ರೋಹಿಣಿಯ, ಪಾಲಿಗೆ ಬಂದಿತ್ತು. ಎರಡು ಲೇಖನ ಹಾಕಿದರೂ ಗಿರಾಕಿ ಒಬ್ಬರೂ ಫೋನು ಮಾಡಿರಲಿಲ್ಲ.

“ಇದೊಂದು ನೋಡೂಣು ವೈನಿ,” ಎಂದಿದ್ದ ಅವನು ಬೆಳಿಗ್ಗೆ ಬೈಕ್ ಹತ್ತುವಾಗ. “ಇದಕ್ಕೂ ಯಾರೂ ಕೇಳಲಿಲ್ಲ ಅಂದ್ರ ಮುಂದಿಂದು ಎಐ ಕಡೆ ಬರಸ್ತೀನಿ. ಅದಕ್ಕ ಕೂಸು ಅಳೂದಿಲ್ಲ, ರೊಟ್ಟಿ ಬಡಿಯೂದಿಲ್ಲ.”

ರೋಹಿಣಿ ನಕ್ಕಿದ್ದಳು. ಆದರೆ ಕೂಸು ಹುಟ್ಟಿದ ಮೇಲೆ ಇಡೀ ದಿನದಲ್ಲಿ ತನ್ನದು ಎನ್ನುವಂತೆ ಉಳಿದದ್ದು ಇದೊಂದೇ ಕೆಲಸ. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ಮತ್ತೊಂದು ರೊಟ್ಟಿ ತಟ್ಟುತ್ತ ಮುಂದುವರಿಸಿದಳು: “ಕಲಘಟಗಿ ತೊಟ್ಟಿಲು ಬಹಳ ಗಟ್ಟಿಮುಟ್ಟಾದದ್ದು.”

ಅಡುಗೆಮನೆಯ ಬಾಗಿಲ ಪಕ್ಕದಲ್ಲೇ, ಅಂಚಿನ ಮೇಲೆ ಬಣ್ಣದ ಮರದ ಗಿಳಿಗಳಿದ್ದ ಹಳೆಯ ತೊಟ್ಟಿಲನ್ನು ತೂಗುತ್ತಿದ್ದ ಅತ್ತೆ ಶಿವಗಂಗವ್ವನಿಗೆ ಇನ್ನು ಸುಮ್ಮನಿರಲಾಗಲಿಲ್ಲ.

“ಯಾರ ಮುಂದ ಹೇಳಾಕತ್ತಿ ಬೇ?”

“ಫೋನಿಗ್ರಿ ಅತ್ತಿ. ಲೇಖನ.”

“ಬರೇ ಗಟ್ಟಿ ಅಂದ್ರ ಯಾರು ನಂಬ್ತಾರ? ನನ್ನ ಕೇಳು. ಈ ಕಲಘಟಗಿ ತೊಟ್ಟಿಲು ನನ್ನ ತವರಮನಿ ದೇವಿಕೊಪ್ಪದಿಂದ ಚಕ್ಕಡ್ಯಾಗ ಬಂದದ್ದು. ನಮ್ಮ ಕಾಶ್ಯಾ ಹಲ್ಲು ಬರೂಮುಂದ ಈ ಗಿಳಿ ಮೂತಿ ಕಡದದ್ದ ಕಡದದ್ದು. ಹಲ್ಲಿನ ಗುರುತು ಹಂಗ ಅದಾವ, ಬಣ್ಣ ಹೋಗಿಲ್ಲ. ಎಮ್ಮಿ ಕರುವಿನಂಗ ಇದ್ದ. ನಾಕ ವರ್ಷದಾಂವ ಆದ್ರೂ ಕಲಘಟಗಿ ತೊಟ್ಟಿಲು ಬಿಟ್ಟು ಇಳೀಲಿಲ್ಲ. ಕಾಲು ಹೊರಗ ಜೋತು ಬೀಳ್ತಿದ್ವು, ಆದ್ರೂ ತೂಗಬೇಕು. ತೂಗಿ ತೂಗಿ ನನ್ನ ರಟ್ಟಿ ಬಿದ್ದುವು, ತೊಟ್ಟಿಲದ ಒಂದು ಮೊಳಿ ಸಡಲಲಿಲ್ಲ. ಏ ರೋಹಿಣಿ, ರೊಟ್ಟಿ ಸೀಯಾಕತ್ತೈತಿ ನೋಡು.”

ರೊಟ್ಟಿ ಸೀದಿತ್ತು. ಆ ಗದ್ದಲಕ್ಕೆ ಕೂಸೂ ಎದ್ದಿತು. ರೋಹಿಣಿ ಹಂಚು ಇಳಿಸಿ, ಕೈ ತೊಳೆದು, ಕೂಸನ್ನು ಸೊಂಟಕ್ಕೇರಿಸಿಕೊಂಡು ಮತ್ತೆ ಫೋನು ಹಿಡಿಯುವ ಹೊತ್ತಿಗೆ ಕಾಶಿನಾಥನ ಅವಸರದ ಸಂದೇಶ ಬಂದಿತ್ತು: ‘ವೈನಿ, ಲಗೂ.’ ಲೇಖನ ಸಾಕಷ್ಟು ಉದ್ದವಾಗಿದೆ ಎಂದಷ್ಟೇ ನೋಡಿ, ಒಂದೇ ಬೆರಳಿನಲ್ಲಿ ಕಳಿಸಿಬಿಟ್ಟಳು.

ಮಧ್ಯಾಹ್ನ ಕೂಸು ಮಲಗಿದ ಮೇಲೆ ಅಂಗಡಿಯ ವೆಬ್‌ಸೈಟು ತೆರೆದು ನೋಡಿದಳು. ‘ಗಟ್ಟಿಮುಟ್ಟಾದದ್ದು’ ಎಂಬಲ್ಲಿಗೆ ಅವಳ ಮಾತು ಮುಗಿದಿತ್ತು. ಅಲ್ಲಿಂದಾಚೆ ಗಿಳಿ ಮೂತಿ, ಎಮ್ಮೆ ಕರು, ಸೀದ ರೊಟ್ಟಿಯವರೆಗೆ ಎಲ್ಲವೂ ಅತ್ತೆಯದೇ. ಮೈಕು ಆರಿಸುವುದನ್ನು ಅವಳು ಮರೆತಿದ್ದಳು. ಕಾಶಿನಾಥನಿಗೆ ಫೋನು ಹಚ್ಚಿದಳು. ಅವನು ಬೇರೆ ಯಾರೊಂದಿಗೋ ಮಾತನಾಡುತ್ತಿದ್ದ. ಮತ್ತೆ ಹಚ್ಚಿದರೂ ಅದೇ. ಹೋಯಿತು ತನ್ನ ಕೆಲಸ ಎಂದುಕೊಂಡು, ಒಣಗಿದ ಬಟ್ಟೆಗಳನ್ನು ಮಡಚುತ್ತ ಕುಳಿತಳು. ಕೂಸಿನ ಒಂದು ಕುಲಾಯಿಯನ್ನೇ ಎಷ್ಟೋ ಸಲ ಮಡಚಿ ಬಿಚ್ಚಿದಳು.

ಹೊತ್ತು ಇಳಿಯುವ ಮೊದಲೇ ಕಾಶಿನಾಥ ಬಂದ. ಬಂದವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತ.

“ತಪ್ಪಾತ್ರಿ,” ಎಂದಳು ರೋಹಿಣಿ. “ನೀವರ ಒಮ್ಮೆ ಓದಬಾರದಿತ್ತೇನು?”

“ನಾ ಎಲ್ಲಿ ಓದ್ಲಿ ವೈನಿ? ಕೀವರ್ಡ್ ಎಣಿಸಿದೆ, ಬರೋಬ್ಬರಿ ಇದ್ದುವು, ಹಾಕಿಬಿಟ್ಟೆ. ಅವಾಗಿಂದ ಫೋನು ಕೆಳಗ ಇಟ್ಟಿಲ್ಲ. ಗದಗಿನಾಕಿ ಒಬ್ಬಾಕಿ, ‘ಆ ಎಮ್ಮಿ ಕರು ನೀವ ಏನ್ರಿ?’ ಅಂತ ಕೇಳಿದಳು.”

“ನೀವು ಏನಂದ್ರಿ?”

“ಹೌದ್ರಿ ಅಂದೆ. ತೊಟ್ಟಿಲ ಬುಕ್ ಮಾಡಿದಳು.”

ಗೋಡೆಗೆ ಒರಗಿದ್ದ ಶಿವಗಂಗವ್ವ ಎಲೆ ಅಡಿಕೆಯನ್ನು ಒಂದು ಕಡೆಯ ದವಡೆಗೆ ಸರಿಸಿ ಹೇಳಿದಳು: “ನಾಕ ವರ್ಷ ಅಲ್ಲಲೇ, ಐದು. ನಿನ್ನ ಮರ್ಯಾದಿ ಉಳೀಲಿ ಅಂತ ನಾಕ ಅಂದೇನಿ.”

ರೋಹಿಣಿಗೆ ನಗು ಬಂತು. ಆದರೂ ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟಳು. “ಹಂಗಾರ ಎಐ ಕಡೆ ಬರಸೂದಿಲ್ಲೇನು?”

“ಅದಕ್ಕೂ ಮಧ್ಯಾಹ್ನ ಹೇಳಿ ನೋಡಿದೆ. ಅಗದಿ ಛಂದ ಬರೀತು.” ಕಾಶಿನಾಥ ಕೊನೆಗೂ ಚಪ್ಪಲಿ ಬಿಟ್ಟು ಒಳಗೆ ಬಂದ. “ಆದ್ರ ಅದರ ತೊಟ್ಟಿಲ ಯಾರೂ ಕಡದಿಲ್ಲ ವೈನಿ. ಮುಂದಿನ ಲೇಖನ ಯಾವಾಗ ಕೊಡ್ತೀರಿ?”

ರೋಹಿಣಿ ಉತ್ತರ ಹೇಳುವ ಮೊದಲು ತೊಟ್ಟಿಲ ಕಡೆ ತಿರುಗಿದಳು. ಬಹಳ ಹೊತ್ತಿನಿಂದ ಅಲ್ಲಿ ಸದ್ದೇ ಇರಲಿಲ್ಲ. ಕೂಸು ಎದ್ದು ಕುಳಿತು, ಚಿಕ್ಕಪ್ಪ ಕಚ್ಚಿದ್ದ ಗಿಳಿಯ ಪಕ್ಕದ ಗಿಳಿಗೆ ತನ್ನ ಎರಡು ಹೊಸ ಹಲ್ಲುಗಳನ್ನು ಊರಿಕೊಂಡು, ಜೊಲ್ಲು ಸುರಿಸುತ್ತ, ಬಹಳ ಶ್ರದ್ಧೆಯಿಂದ ಕಚ್ಚುತ್ತಿತ್ತು. ಬಿಡಿಸಲು ಹೋದ ಸೊಸೆಯ ಕೈಯನ್ನು ಶಿವಗಂಗವ್ವ ಮೆಲ್ಲಗೆ ಹಿಡಿದಳು.

“ತಡಿಯವಾ. ಮುಂದಿನ ಲೇಖನ ಬರ್ಯಾಕತ್ತೈತಿ.”