ಉಣ್ಣೆ ತಂದಾಕಿ

ಬ್ಯಾಡಗಿಯ ಮೆಣಸಿನಕಾಯಿ ಕಣದಲ್ಲಿ ತೊಟ್ಟು ಮುರಿಯಲು ಕೂರುವ ಮೊದಲು ಹೆಂಗಸರೆಲ್ಲ ಕುತ್ತಿಗೆಗೆ ಕಟ್ಟಿದ ಮಾತಾಡುವ ಪಟ್ಟಿಗೆ ಬೆರಳಿಟ್ಟು, ಅದರ ಮೂಲಕ ರಕ್ತದೊಳಗಿನ ಕಾವಲುಗಾರರಿಗೆ ಅಂದಿನ ಗಾಳಿಯ ಪರಿಚಯ ಹೇಳುತ್ತಾರೆ. ಹೇಳದಿದ್ದರೆ ಕಾವಲುಗಾರರು ಗಾಬರಿಬಿದ್ದು ಉಸಿರುನಾಳದ ಸ್ನಾಯುಗಳಿಗೆ ಓಲೆ ಕಳಿಸುತ್ತಾರೆ. ಅವು ಪಾಪ, ಹಿಂದೆಮುಂದೆ ನೋಡದೆ ಬಿಗಿದುಕೊಳ್ಳುತ್ತವೆ.

“ಮೆಣಸಿನಕಾಯಿ ಘಾಟು, ಚೀಲದ ಧೂಳು. ವೈರಿ ಅಲ್ಲ,” ಎಂದು ಫಕ್ಕೀರವ್ವ ದಿನದಂತೆ ಹೇಳಿ ಕೂತಳು. ಆದರೂ ಎದೆ ಸುಂಯ್ ಎಂದಿತು.

ಪಟ್ಟಿ ಮೆಲ್ಲಗೆ ಕೇಳಿತು: “ಗಾಳ್ಯಾಗ ಕುರಿ ಉಣ್ಣೆ ಎಳಿ ಬಂದೈತಿ. ತಂದವರು ಯಾರು?”

ಇಂದು ಕೈಯಳತೆಯಲ್ಲಿ ಕೂತಿದ್ದವಳು ತಂಗಿ ಹೊನ್ನವ್ವ. ಕುರಿಗಾರರ ಮನೆಗೆ ಸೊಸೆಯಾಗಿ ಹೋದವಳು. ತೀರಿಹೋದ ಅವ್ವನ ಇಳಕಲ್ ಸೀರೆಗಾಗಿ ಜಗಳಾಡಿದ ಮೇಲೆ ಮೂರು ವರ್ಷದಿಂದ ಅಕ್ಕತಂಗಿಯರಿಗೆ ಮಾತಿಲ್ಲ.

“ಯಾರೋ ಒಬ್ಬಾಕಿ,” ಎಂದಳು ಫಕ್ಕೀರವ್ವ.

ಗುರುತಿಲ್ಲದವರು ತಂದದ್ದೆಲ್ಲ ಕಾವಲುಗಾರರ ಪಾಲಿಗೆ ವೈರಿಯೇ. ಅವಳ ಉಸಿರು ಸೂಜಿಯ ಕಣ್ಣಿನಷ್ಟು ಸಣ್ಣದಾಯಿತು. ಕೈಯಲ್ಲಿದ್ದ ಮೆಣಸಿನಕಾಯಿ ಜಾರಿ ಬಿತ್ತು. ಹೊನ್ನವ್ವ ನೀರಿನ ತಂಬಿಗೆಯನ್ನು ಅಕ್ಕನ ಕಡೆ ಸರಿಸಿದಳು.

“ನನ್ನ ತಂಗಿ,” ಎಂದಳು ಫಕ್ಕೀರವ್ವ, ಉಳಿದಷ್ಟು ಉಸಿರಿನಲ್ಲೇ. “ನಮ್ಮಾಕಿ.”

ಬಿಗಿದ ಎದೆ ಎಳೆಎಳೆಯಾಗಿ ಸಡಿಲವಾಯಿತು.

ಹೊನ್ನವ್ವ ಮುಖ ಆಚೆ ತಿರುಗಿಸಿ ತನ್ನ ಪಟ್ಟಿಗೆ ಬೆರಳಿಟ್ಟಳು. ಕಣಕ್ಕೆಲ್ಲ ಕೇಳುವಂತೆ ಹೇಳಿದಳು: “ಬಾಜೂಕ ಕುಂತಾಕಿ ನಮ್ಮಕ್ಕ. ವೈರಿ ಅಲ್ಲ. ಬಾಯಿ ಅಷ್ಟ ಖಾರ ಐತಿ.”