ಲಾಯದ ಗೋಡೆ

ಈಗಲೂ ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸಿದ ವಾಸನೆ ಬಂದರೆ ನನ್ನ ಕಾಲು ನಿಂತುಬಿಡುತ್ತದೆ.

ಸಿಕಂದರಾಬಾದಿನಲ್ಲಿ ಸರ್ಕಾರದ ರಕ್ಷಿತ ಪಟ್ಟಿಯಲ್ಲಿದ್ದ ಹಳೆಯ ಬಂಗಲೆಯೊಂದರ ದುರಸ್ತಿ ನಡೆದಿತ್ತು. ಯಾದಗಿರಿ ಕಡೆಯಿಂದ ಬಂದಿದ್ದ ಅಪ್ಪ ಅಲ್ಲಿ ಮೇಸ್ತ್ರಿ, ಅವ್ವ ಗಾರೆ ಅರೆಯುತ್ತಿದ್ದಳು. ಹಿತ್ತಲಿನ ಪಾಳು ಕುದುರೆ ಲಾಯದ ನೆರಳಲ್ಲಿ ಸೀರೆಯ ಜೋಲಿ ಕಟ್ಟಿ ತಮ್ಮನನ್ನು ಮಲಗಿಸಿದ್ದರು, ತೂಗುವವಳು ನಾನು.

ಲಾಯದ ಗೋಡೆ ಬಿರುಕುಬಿಟ್ಟಿತ್ತು. ಗೋಡೆ ಅಲುಗಿದರೆ ತಿಳಿಯಲೆಂದು ಅಪ್ಪ ವಾರದ ಹಿಂದೆ ಬಿರುಕಿಗೆ ಅಡ್ಡಲಾಗಿ ಗಾರೆಯ ಪಟ್ಟಿ ಬಳಿದಿದ್ದ. ಆ ಮಧ್ಯಾಹ್ನ ಬಂದು ನೋಡಿದರೆ ಪಟ್ಟಿ ಎರಡು ತುಂಡಾಗಿತ್ತು.

"ಕೂಸಿನ್ನ ಎತ್ಕೊ. ಓಡಬ್ಯಾಡ, ಸಾವಕಾಶ ಬಾ," ಎಂದು ನನಗೆ ಪಿಸುಗುಟ್ಟಿದ.

ಆಮೇಲೆ ಸೂಪರ್‌ವೈಸರ್ ಬಳಿ ಹೋಗಿ, "ಸಾಬ್, ಇವತ್ತ ಒಳಗ ಯಾರೂ ಬ್ಯಾಡ್ರಿ. ಗ್ವಾಡಿ ಅಲಗಾಕತ್ತೈತಿ," ಎಂದ.

ಸೂಪರ್‌ವೈಸರ್ ನಕ್ಕು ಒಳಗೆ ಹೋಗಿ ಗೋಡೆಗೆ ಎರಡು ಸಲ ಅಂಗೈಯಿಂದ ಬಡಿದ. ಏನೂ ಆಗಲಿಲ್ಲ, ಹೊರಬಂದ. ನಾಲ್ವರು ಕೂಲಿಗಳು ಬುಟ್ಟಿ ಎತ್ತಿಕೊಂಡು ಒಳಹೊಕ್ಕರು.

ಅಪ್ಪನೂ ಹೊರಟ. ಅವ್ವ ಅವನ ಅಂಗಿ ಹಿಡಿದಳು.

"ಬಿಡು. ನಾ ಅಲ್ಲಿದ್ರ ಕೂಗಿ ಎಚ್ಚರರೆ ಮಾಡ್ತೀನಿ."

ಅವನ ಕೂಗು ನಮಗೆಲ್ಲ ಕೇಳಿಸಿತು. ನಾಲ್ವರೂ ಓಡಿ ಹೊರಬಂದರು, ಗೋಡೆ ಕುಸಿಯಿತು. ಅವರ ಬೆನ್ನಿಗೆ ಧೂಳು ಮಾತ್ರ ಬಂತು.